ಇಂಗಳೀಕದ ಕೆಂಪು ಮಂಕಾದದ್ದೇಕೆ? ಒಂದು ಯಕ್ಷಗಾನ ದಾಖಲೀಕರಣದಲ್ಲಿ ಕಂಡ ಬಣ್ಣದೋಷದ ಪ್ರಕರಣ ಅಧ್ಯಯನ

ಕುಂದಾಪುರ ಸೀಮೆಯ ಒಂದು ಊರಿನಲ್ಲಿ ಇಡೀ ರಾತ್ರಿ ನಡೆದ ಬಡಗುತಿಟ್ಟಿನ ಆಟವನ್ನು ದಾಖಲಿಸುವ ಹೊಣೆಯನ್ನು ಕಲಾಸಕ್ತರ ಸಣ್ಣ ತಂಡವೊಂದು ವಹಿಸಿಕೊಂಡಿತ್ತು. ವ್ಯವಸ್ಥೆ ಸರಳವಾಗಿತ್ತು. ರಂಗಸ್ಥಳದ ಎದುರಿಗೆ ಒಂದು ಕ್ಯಾಮೆರಾ. ಅದು ತನ್ನೊಳಗಿನ ಮೆಮೊರಿ ಕಾರ್ಡಿನಲ್ಲಿ ಒಂದು ಪ್ರತಿಯನ್ನು ಬರೆದುಕೊಳ್ಳುತ್ತಿತ್ತು, ಅದೇ ಹೊತ್ತಿಗೆ ಎಚ್‌ಡಿಎಂಐ ತಂತಿಯ ಮೂಲಕ ಹೊರಟ ಚಿತ್ರವು ಅಗ್ಗದ ಯುಎಸ್‌ಬಿ ಕ್ಯಾಪ್ಚರ್ ಕಾರ್ಡೊಂದನ್ನು ಹಾದು ಲ್ಯಾಪ್‌ಟಾಪಿನ ಒಬಿಎಸ್ ತಂತ್ರಾಂಶವನ್ನು ಸೇರುತ್ತಿತ್ತು. ಒಬಿಎಸ್‌ನಿಂದ ನೇರಪ್ರಸಾರವೂ ನಡೆಯುತ್ತಿತ್ತು, ಡಿಸ್ಕಿನಲ್ಲಿ ಎರಡನೆಯ ಪ್ರತಿಯೂ ದಾಖಲಾಗುತ್ತಿತ್ತು. ನಡುರಾತ್ರಿ ಕಳೆದ ಮೇಲೆ ಮೆಮೊರಿ ಕಾರ್ಡ್ ತುಂಬಿಹೋಯಿತು. ಹೀಗಾಗಿ ಆಟದ ಪೂರ್ವಾರ್ಧಕ್ಕೆ ಎರಡು ಪ್ರತಿಗಳು ಉಳಿದವು. ಉತ್ತರಾರ್ಧಕ್ಕೆ, ಅಂದರೆ ಬಣ್ಣದ ವೇಷದ (ರಾಕ್ಷಸನಂಥ ಉಗ್ರ ಪಾತ್ರದ) ಒಡ್ಡೋಲಗವೂ, ಎಂದರೆ ರಂಗಪ್ರವೇಶವೂ, ಸೇರಿದ ಭಾಗಕ್ಕೆ, ಲ್ಯಾಪ್‌ಟಾಪಿನಲ್ಲಿದ್ದ ಪ್ರತಿಯೊಂದೇ ಆಧಾರವಾಯಿತು.

ಆ ಪ್ರತಿಯಲ್ಲಿ ಬಣ್ಣ ಕೆಟ್ಟಿತ್ತು. ಕೆಂಪು ಮಂಕಾಗಿ ಸ್ವಲ್ಪ ನೇರಳೆಯ ಕಡೆಗೆ ವಾಲಿತ್ತು, ಹಸಿರು ಮಾತ್ರ ಎದ್ದು ಕಾಣುತ್ತಿತ್ತು, ರಂಗದ ಹಿಂದಿನ ಕತ್ತಲೆ ಕಪ್ಪಾಗಿರದೆ ಬೂದು ಹೊಗೆಯಂತಿತ್ತು. ಒಡ್ಡೋಲಗದ ತುಣುಕನ್ನು ನೋಡಿದ ಹಿರಿಯ ವೇಷಧಾರಿಯೊಬ್ಬರು, "ಇದೆಂತ ಮಾರಾಯ್ರೆ, ನಾನು ಹಚ್ಚಿದ್ದು ಇಂಗಳೀಕ, ಇಲ್ಲಿ ಕಾಣುವುದು ತೊಳೆದು ಹೋದ ಕುಂಕುಮ" ಎಂದರು. ಮುಖವರ್ಣಿಕೆಯಲ್ಲಿ ಇಂಗಳೀಕ (ಕೆಂಪು), ಅರದಾಳ (ಹಳದಿ), ಸಪೇತ (ಬಿಳಿ) ಮತ್ತು ಕಾಡಿಗೆಗಳ ಪ್ರಮಾಣವೇ ಪಾತ್ರದ ಸ್ವಭಾವವನ್ನು ಹೇಳುವ ಕಲೆಯೊಂದರ ದಾಖಲೆಯಲ್ಲಿ ಕೆಂಪು ಕೆಡುವುದನ್ನು ಅಲಂಕಾರದ ಕೊರತೆಯೆಂದು ಬಿಟ್ಟುಬಿಡಲಾಗದು. ದಾಖಲೆಯನ್ನು ಸರಿಪಡಿಸಬಹುದೇ, ಸರಿಪಡಿಸಿದರೆ ಅದು ನಿಜವಾದ ಬಣ್ಣವೆಂದು ಯಾವ ಧೈರ್ಯದ ಮೇಲೆ ಹೇಳುವುದು ಎಂಬ ಎರಡು ಪ್ರಶ್ನೆಗಳೊಂದಿಗೆ ಕಡತ ನನ್ನ ಬಳಿಗೆ ಬಂತು.

ಕಣ್ಣಳತೆಯ ತಿದ್ದುಪಡಿ ಏಕೆ ನಿಲ್ಲಲಿಲ್ಲ

ತಂಡದ ಸಂಕಲನಕಾರರು ಅದಕ್ಕೂ ಮೊದಲೇ ಸಾಕಷ್ಟು ಶ್ರಮಿಸಿದ್ದರು. ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿ ಕಾಣುವಂತೆ ಮಾಡುವ ಹೊಂದಿಕೆ) ಬದಲಿಸಿದಾಗ ಕೆಂಪು ತುಸು ಬೆಚ್ಚಗಾಯಿತು, ಆದರೆ ಭಾಗವತರ ಬಿಳಿಯ ಪಂಚೆ ಹಳದಿಯಾಯಿತು. ಸ್ಯಾಚುರೇಶನ್ (ಬಣ್ಣದ ಗಾಢತೆ) ಏರಿಸಿದಾಗ ಮೊದಲೇ ಎದ್ದಿದ್ದ ಹಸಿರು ಕಣ್ಣಿಗೆ ಚುಚ್ಚತೊಡಗಿತು. ಹ್ಯೂ (ಬಣ್ಣದ ಛಾಯೆ) ತಿರುಗಿಸಿದರೆ ಕೆಂಪು ಜಾಗಕ್ಕೆ ಬರುವಷ್ಟರಲ್ಲಿ ಹಳದಿ ಜಾಗ ತಪ್ಪುತ್ತಿತ್ತು. ಕೊನೆಗೆ ಕೆಂಪನ್ನು ಮಾತ್ರ ಪ್ರತ್ಯೇಕವಾಗಿ ಆಯ್ದು ತಿದ್ದಿದಾಗ ಮುಖದ ಇಂಗಳೀಕ ಒಪ್ಪಿತವಾಯಿತಾದರೂ ಕಸೆಸೀರೆಯ ಕೆಂಪು ಚೌಕಗಳು ಬೇರೆಯೇ ಬಣ್ಣ ತಾಳಿದವು.

ಈ ವೈಫಲ್ಯಗಳಲ್ಲಿಯೇ ರೋಗಲಕ್ಷಣ ಅಡಗಿತ್ತು. ಕ್ಯಾಮೆರಾದ ವೈಟ್ ಬ್ಯಾಲೆನ್ಸ್ ತಪ್ಪಿದ್ದರೆ ಬಿಳಿಯೂ ಬೂದುವೂ ಬಣ್ಣಕ್ಕೆ ತಿರುಗಿರಬೇಕಿತ್ತು. ಇಲ್ಲಿ ಪಂಚೆಯ ಬಿಳಿ, ಮದ್ದಳೆಯ ಕರಣೆಯ ಕಪ್ಪು, ಧ್ವನಿವರ್ಧಕದ ಬೂದು ಪೆಟ್ಟಿಗೆ ಇವೆಲ್ಲ ಮಂಕಾಗಿದ್ದವೇ ಹೊರತು ಅವುಗಳಿಗೆ ಯಾವ ಬಣ್ಣವೂ ಅಂಟಿರಲಿಲ್ಲ. ಬೂದು ಬೂದಾಗಿಯೇ ಉಳಿದು, ಗಾಢ ಬಣ್ಣಗಳು ಮಾತ್ರ ಒಂದೊಂದು ಒಂದೊಂದು ದಿಕ್ಕಿಗೆ ಸರಿದಿರುವುದನ್ನು ಕಂಡಾಗ ಮೊದಲು ಸಂಶಯಿಸಬೇಕಾದದ್ದು ಬೆಳಕನ್ನಲ್ಲ, ಲೆಕ್ಕವನ್ನು.

ಆ ಲೆಕ್ಕ ಯಾವುದೆಂದರೆ, ವಿಡಿಯೊ ಚಿತ್ರವು ತಂತಿಯಲ್ಲಾಗಲಿ ಕಡತದಲ್ಲಾಗಲಿ ಸಾಮಾನ್ಯವಾಗಿ ಕೆಂಪು, ಹಸಿರು, ನೀಲಿ ಎಂಬ ಮೂರು ಅಂಕಿಗಳಾಗಿ ಸಾಗುವುದಿಲ್ಲ. ಮೂರನ್ನೂ ಒಂದು ಪ್ರಮಾಣದಲ್ಲಿ ಬೆರೆಸಿ ಹೊಳಪು ಎಂಬ ಒಂದು ಅಂಕಿಯನ್ನೂ, ನೀಲಿಯು ಹೊಳಪಿನಿಂದ ಎಷ್ಟು ದೂರ, ಕೆಂಪು ಹೊಳಪಿನಿಂದ ಎಷ್ಟು ದೂರ ಎಂಬ ಎರಡು ವ್ಯತ್ಯಾಸದ ಅಂಕಿಗಳನ್ನೂ ಮಾಡಿಕೊಳ್ಳಲಾಗುತ್ತದೆ. ಬೆರೆಸುವ ಪ್ರಮಾಣಕ್ಕೆ ಮ್ಯಾಟ್ರಿಕ್ಸ್ ಎಂದು ಹೆಸರು. 1982ರಲ್ಲಿ ರೂಪುಗೊಂಡ 601 ಎಂಬ ಮಾನದಂಡದಲ್ಲಿ ಹೊಳಪಿಗೆ ಕೆಂಪಿನ ಪಾಲು 0.299, ಹಸಿರಿನದು 0.587, ನೀಲಿಯದು 0.114. ಹೈ ಡೆಫಿನಿಶನ್‌ಗಾಗಿ 1990ರಲ್ಲಿ ಬಂದ 709 ಎಂಬ ಮಾನದಂಡದಲ್ಲಿ ಅವೇ ಪಾಲುಗಳು 0.2126, 0.7152, 0.0722. ಎರಡರಲ್ಲಿಯೂ ಪಾಲುಗಳ ಮೊತ್ತ ಒಂದೇ ಆದ್ದರಿಂದ, ಮೂರೂ ಬಣ್ಣ ಸಮವಾಗಿರುವ ಬೂದು ಯಾವ ಲೆಕ್ಕದಲ್ಲಿ ಕಟ್ಟಿ ಯಾವ ಲೆಕ್ಕದಲ್ಲಿ ಬಿಡಿಸಿದರೂ ಬದಲಾಗುವುದಿಲ್ಲ. ಬಣ್ಣ ಗಾಢವಾದಷ್ಟೂ ತಪ್ಪು ಹಿಗ್ಗುತ್ತದೆ. ಒಬ್ಬರು ಮೈಲಿಯಲ್ಲಿ ಬರೆದ ಅಂಕಿಯನ್ನು ಇನ್ನೊಬ್ಬರು ಕಿಲೋಮೀಟರೆಂದು ಓದಿದ ಹಾಗೆ: ಸೊನ್ನೆಯಲ್ಲಿ ಜಗಳವಿಲ್ಲ, ದೂರ ಹೆಚ್ಚಿದಂತೆಲ್ಲ ಊರು ತಪ್ಪುತ್ತದೆ.

ಹ್ಯೂ ಗುಂಡಿ ಏಕೆ ಸೋತಿತು ಎಂಬುದಕ್ಕೂ ಇಲ್ಲಿಯೇ ಉತ್ತರವಿದೆ. ಅದು ಎಲ್ಲ ಬಣ್ಣಗಳನ್ನೂ ಒಂದೇ ಕೋನದಲ್ಲಿ ತಿರುಗಿಸುತ್ತದೆ. ಮ್ಯಾಟ್ರಿಕ್ಸ್ ತಪ್ಪಿದಾಗ ಹೊಳಪೂ ಸೇರಿದಂತೆ ಪ್ರತಿ ಬಣ್ಣವೂ ಬೇರೆ ಬೇರೆ ಅಳತೆಯಲ್ಲಿ ಸರಿಯುವುದರಿಂದ, ಬಣ್ಣಗಳ ಸ್ಥಾನವನ್ನು ಚುಕ್ಕೆಗಳಾಗಿ ತೋರಿಸುವ ವೆಕ್ಟರ್‌ಸ್ಕೋಪಿನಲ್ಲಿ ಒಂದು ಚುಕ್ಕೆಯನ್ನು ಅದರ ಪೆಟ್ಟಿಗೆಗೆ ತಂದಾಗ ಇನ್ನೊಂದು ಹೊರಗೆ ಜಾರುತ್ತದೆ.

ಮುಚ್ಚಳ ಹಾಕಿದ ಕ್ಯಾಮೆರಾದ ಕಪ್ಪು

ಮ್ಯಾಟ್ರಿಕ್ಸ್ ದೋಷ ಬೂದನ್ನು ಮುಟ್ಟುವುದಿಲ್ಲವೆಂದಾದರೆ ಇಲ್ಲಿ ಕಪ್ಪು ಬೂದಾದದ್ದೇಕೆ? ಎರಡನೆಯ ದೋಷವೊಂದು ಇದ್ದೇ ಇರಬೇಕೆಂದು ಹುಡುಕಿದಾಗ ದಾಖಲೆಯ ಆರಂಭದಲ್ಲಿಯೇ ಸಾಕ್ಷಿ ಸಿಕ್ಕಿತು. ಚೌಕಿಪೂಜೆಗೂ ಮುಂಚೆ, ಕ್ಯಾಮೆರಾದ ಲೆನ್ಸಿಗೆ ಮುಚ್ಚಳ ಹಾಕಿದ್ದಾಗಲೇ ದಾಖಲಾದ ಕೆಲವು ಕ್ಷಣಗಳಿದ್ದವು. ಆ ಚೌಕಟ್ಟೊಂದನ್ನು ಚಿತ್ರವಾಗಿ ಹೊರತೆಗೆದು ಬಣ್ಣ ಅಳೆಯುವ ಸಲಕರಣೆಯನ್ನು ಅದರ ಮೇಲಿಟ್ಟರೆ ಕೆಂಪು, ಹಸಿರು, ನೀಲಿ ಮೂರೂ ಹದಿನಾರರ ಆಸುಪಾಸಿನಲ್ಲಿದ್ದವು. ಪೂರ್ಣ ಕತ್ತಲೆ ಸೊನ್ನೆಯಾಗಬೇಕು. ಹದಿನಾರು ಎಂಬ ಅಂಕಿ ಅಕಸ್ಮಾತ್ತಾಗಿ ಬರುವಂಥದಲ್ಲ.

ದೂರದರ್ಶನದ ಸಂಪ್ರದಾಯದಲ್ಲಿ ಎಂಟು ಬಿಟ್ಟಿನ ಹೊಳಪು 0ರಿಂದ 255ರವರೆಗೆ ಹರಡಿರುವುದಿಲ್ಲ. ಕಪ್ಪು 16ರಲ್ಲಿ, ಬಿಳಿ 235ರಲ್ಲಿ ಇರುತ್ತವೆ. ವ್ಯತ್ಯಾಸದ ಎರಡು ಅಂಕಿಗಳು 128ನ್ನು ನಡುವಾಗಿಟ್ಟುಕೊಂಡು 16ರಿಂದ 240ರವರೆಗೆ ಓಡಾಡುತ್ತವೆ. ಇದನ್ನು ಲಿಮಿಟೆಡ್ ರೇಂಜ್ ಎನ್ನುತ್ತಾರೆ. ಸ್ಥಿರಚಿತ್ರಗಳ ಲೋಕದಲ್ಲಿ, ಮುಖ್ಯವಾಗಿ ಜೆಪೆಗ್‌ನಲ್ಲಿ, 0ರಿಂದ 255ರವರೆಗಿನ ಫುಲ್ ರೇಂಜ್ ರೂಢಿ. ಲಿಮಿಟೆಡ್ ಆಗಿ ಬರೆದುದನ್ನು ಫುಲ್ ಎಂದು ಓದಿದರೆ ಕಪ್ಪು ಹದಿನಾರಕ್ಕೆ ಏರಿ, ಬಿಳಿ 235ಕ್ಕೆ ಇಳಿದು, ಚಿತ್ರದ ಮೇಲೆ ಮಬ್ಬು ಪರದೆ ಎಳೆದಂತಾಗುತ್ತದೆ. ಮುಚ್ಚಳದ ಚೌಕಟ್ಟು ಹೇಳುತ್ತಿದ್ದದ್ದು ಇದನ್ನೇ.

ಅಂದರೆ ದೋಷ ಎರಡು, ಒಂದರ ಮೇಲೊಂದು. ಸಂಕಲನಕಾರರು ಲೆವೆಲ್ಸ್ ಉಪಕರಣದಲ್ಲಿ 16ರಿಂದ 235ರವರೆಗಿನ ಭಾಗವನ್ನು ಹಿಗ್ಗಿಸಿಯೂ ನೋಡಿದ್ದರು. ಮಬ್ಬು ಹೋಯಿತು, ಆದರೆ ಹಸಿರು ಇನ್ನಷ್ಟು ಉರಿಯಿತು. ಎರಡು ದೋಷಗಳಲ್ಲಿ ಒಂದನ್ನು ಮಾತ್ರ ತೆಗೆದಾಗ ಇನ್ನೊಂದು ಮುಂಚಿಗಿಂತ ಸ್ಪಷ್ಟವಾಗಿ ಕಾಣುವುದು ಸಹಜ. ಹೀಗಾದಾಗ ತಿದ್ದುಪಡಿಯೇ ತಪ್ಪೆಂದು ಭಾವಿಸಿ ಹಿಂದಕ್ಕೆ ಬರುವವರೇ ಹೆಚ್ಚು.

ಬಣ್ಣದ ಪಟ್ಟಿಯ ಪರೀಕ್ಷೆ

ಅನುಮಾನವನ್ನು ನಿರ್ಧಾರವಾಗಿಸಲು ಬಣ್ಣ ಖಚಿತವಾಗಿ ಗೊತ್ತಿರುವ ವಸ್ತುವೊಂದು ಬೇಕು. ವೇಷದ ಕೆಂಪು ಎಷ್ಟೆಂದು ಯಾರಿಗೂ ಅಂಕಿಯಲ್ಲಿ ತಿಳಿದಿಲ್ಲ. ಆದ್ದರಿಂದ ಅದೇ ಕ್ಯಾಮೆರಾ, ಅದೇ ತಂತಿ, ಅದೇ ಕ್ಯಾಪ್ಚರ್ ಕಾರ್ಡ್, ಒಬಿಎಸ್‌ನಲ್ಲಿ ಅವೇ ಆಯ್ಕೆಗಳನ್ನು ಇಟ್ಟುಕೊಂಡು, ಕ್ಯಾಮೆರಾದ ಮೆನುವಿನಲ್ಲಿರುವ ಬಣ್ಣದ ಪಟ್ಟಿಗಳನ್ನು ಹೊರಡಿಸಿ ದಾಖಲಿಸಿಕೊಂಡೆವು. ಈ ಪಟ್ಟಿಗಳು 75 ಶೇಕಡಾ ಪ್ರಮಾಣದವು: ಬೂದುಬಿಳಿಯ ಪಟ್ಟಿಯಲ್ಲಿ ಮೂರೂ ಅಂಕಿ 191, ಕೆಂಪು ಪಟ್ಟಿಯಲ್ಲಿ 191, 0, 0, ಹಸಿರಿನಲ್ಲಿ 0, 191, 0.

ಅಳೆಯುವ ಮುನ್ನ ಸಾಧ್ಯತೆಗಳನ್ನು ಕಾಗದದ ಮೇಲೆ ಲೆಕ್ಕ ಹಾಕಿಟ್ಟುಕೊಳ್ಳುವುದು ಒಳ್ಳೆಯದು. ಅಳೆದ ಮೇಲೆ ಲೆಕ್ಕ ಹಾಕಿದರೆ ಕಂಡ ಅಂಕಿಗೆ ತಕ್ಕ ಕಾರಣ ಹುಡುಕುವ ಚಾಳಿ ಬರುತ್ತದೆ. 601ರಲ್ಲಿ ಕಟ್ಟಿದ್ದನ್ನು 709 ಎಂದು ಬಿಡಿಸಿದ್ದರೆ ಕೆಂಪು ಪಟ್ಟಿ 208, 18, 0 ಆಗಬೇಕು, ಅಂದರೆ ಕಿತ್ತಳೆಯತ್ತ ಸರಿದ ಉಜ್ವಲ ಕೆಂಪು; ಹಸಿರು 162ಕ್ಕೆ ಕುಗ್ಗಬೇಕು. 709ರಲ್ಲಿ ಕಟ್ಟಿದ್ದನ್ನು 601 ಎಂದು ಬಿಡಿಸಿದ್ದರೆ ಕೆಂಪು 175, 0, 2 ಆಗಿ ಕಂದಬೇಕು, ಹಸಿರು 15, 224, 6 ಆಗಿ ಉಬ್ಬಬೇಕು. ಈ ಮ್ಯಾಟ್ರಿಕ್ಸ್ ದೋಷದ ಜೊತೆಗೆ ಲಿಮಿಟೆಡನ್ನು ಫುಲ್ ಎಂದು ಓದಿದ ದೋಷವೂ ಕೂಡಿದ್ದರೆ ಬೂದು 180ಕ್ಕೆ ಇಳಿಯಬೇಕು, ಕೆಂಪು 169, 0, 17 ಆಗಬೇಕು, ಹಸಿರು ಸುಮಾರು 27, 210, 19ರಲ್ಲಿ ನಿಲ್ಲಬೇಕು.

ಅಳೆದಾಗ ಸಿಕ್ಕ ಅಂಕಿಗಳು ಕೊನೆಯ ಲೆಕ್ಕಕ್ಕೆ ಒಂದೆರಡು ಅಂಕಿಯ ಅಂತರದಲ್ಲಿ ಹೊಂದಿದವು. ಕೆಂಪು ಪಟ್ಟಿಯಲ್ಲಿ ಸೊನ್ನೆಯಾಗಿರಬೇಕಿದ್ದ ನೀಲಿಯು ಹದಿನೇಳರಷ್ಟು ಸೇರಿಕೊಂಡಿದ್ದೇ ಆ ನೇರಳೆಯ ಛಾಯೆಗೆ ಕಾರಣ. 191 ಇರಬೇಕಾದ ಕೆಂಪು 169ಕ್ಕೆ ಇಳಿದದ್ದೇ "ತೊಳೆದು ಹೋದ" ಭಾವಕ್ಕೆ ಕಾರಣ. ಹಿರಿಯರ ಕಣ್ಣು ಹೇಳಿದ್ದಕ್ಕೂ ಅಂಕಿ ಹೇಳಿದ್ದಕ್ಕೂ ಭೇದವಿರಲಿಲ್ಲ.

ತಪ್ಪು ಎಲ್ಲಿ ನುಸುಳಿತು

ಕ್ಯಾಮೆರಾ ತನ್ನ ಕೆಲಸವನ್ನು ನಿಯಮಕ್ಕನುಸಾರವೇ ಮಾಡಿತ್ತು. 1920 ಅಡ್ಡ 1080 ಗಾತ್ರದ ಚಿತ್ರವನ್ನು ಎಚ್‌ಡಿಎಂಐ ಮೂಲಕ ಕಳಿಸುವಾಗ 709 ಮ್ಯಾಟ್ರಿಕ್ಸ್, ಲಿಮಿಟೆಡ್ ರೇಂಜ್ ಎಂಬುದು ಸಾಮಾನ್ಯ ರೂಢಿ. ಅದನ್ನು ತಿಳಿಸುವ ಸಣ್ಣ ಮಾಹಿತಿ ಪೊಟ್ಟಣವೂ ಚಿತ್ರದ ಜೊತೆಯಲ್ಲಿ ತಂತಿಯಲ್ಲಿ ಸಾಗುತ್ತದೆ. ತೊಡಕು ಹುಟ್ಟಿದ್ದು ಕ್ಯಾಪ್ಚರ್ ಕಾರ್ಡಿನೊಳಗೆ.

ಆ ಕಾರ್ಡ್ ಯುಎಸ್‌ಬಿ 2.0 ತರಗತಿಯದು. ಅದರ ಸೈದ್ಧಾಂತಿಕ ವೇಗ ಸೆಕೆಂಡಿಗೆ 48 ಕೋಟಿ ಬಿಟ್. ಸಂಕುಚಿಸದ ಪೂರ್ಣ ಎಚ್‌ಡಿ ಚಿತ್ರವನ್ನು, ಬಿಂದುವೊಂದಕ್ಕೆ ಎರಡು ಬೈಟ್‌ನಂತೆ, ಸೆಕೆಂಡಿಗೆ 25 ಚೌಕಟ್ಟಿನ ಲೆಕ್ಕದಲ್ಲಿ ಸಾಗಿಸಲು ಸುಮಾರು 83 ಕೋಟಿ ಬಿಟ್ ಬೇಕು. ಕೊಳವೆ ಸಾಲದು. ಆದ್ದರಿಂದ ಇಂಥ ಕಾರ್ಡುಗಳು ಪ್ರತಿ ಚೌಕಟ್ಟನ್ನೂ ಒಂದೊಂದು ಜೆಪೆಗ್ ಚಿತ್ರವಾಗಿ ಹಿಂಡಿ ಕಳಿಸುತ್ತವೆ. ಇದಕ್ಕೆ ಮೋಷನ್ ಜೆಪೆಗ್ ಎಂದು ಹೆಸರು. ಜೆಪೆಗ್ ಎಂದೊಡನೆ ಅದನ್ನು ಬಿಡಿಸುವ ತಂತ್ರಾಂಶಗಳು 601 ಮ್ಯಾಟ್ರಿಕ್ಸ್, ಫುಲ್ ರೇಂಜ್ ಎಂದು ಭಾವಿಸುತ್ತವೆ, ಏಕೆಂದರೆ ಜೆಪೆಗ್ ಕಡತಗಳ ರೂಢಿಯೇ ಹಾಗೆ. ಯುಎಸ್‌ಬಿ ವಿಡಿಯೊ ಸಾಧನಗಳ ಸಾಮಾನ್ಯ ನಿಯಮಾವಳಿಯಲ್ಲಿಯೂ ಸಾಧನವು ತನ್ನ ಮ್ಯಾಟ್ರಿಕ್ಸ್ ಯಾವುದೆಂದು ಹೇಳದಿದ್ದರೆ 601 ಎಂದೇ ತಿಳಿಯಬೇಕೆಂದಿದೆ. ನಮ್ಮ ಕಾರ್ಡ್ ಏನೂ ಹೇಳುತ್ತಿರಲಿಲ್ಲ. ಅದು ಕ್ಯಾಮೆರಾದಿಂದ ಬಂದ 709 ಲಿಮಿಟೆಡ್ ಅಂಕಿಗಳನ್ನು ಪರಿವರ್ತಿಸದೆ ಹಾಗೆಯೇ ಜೆಪೆಗ್ ಪೆಟ್ಟಿಗೆಗೆ ತುಂಬಿ ಮುಂದಕ್ಕೆ ತಳ್ಳುತ್ತಿತ್ತು. ಒಬಿಎಸ್‌ನ ಸಾಧನದ ಆಯ್ಕೆಗಳಲ್ಲಿ ಬಣ್ಣಕ್ಕೆ ಸಂಬಂಧಿಸಿದ ಎರಡೂ ಜಾಗಗಳಲ್ಲಿ ಡಿಫಾಲ್ಟ್ ಎಂದಿತ್ತು. ಹಾಗಾಗಿ ತಂತ್ರಾಂಶ ರೂಢಿಯಂತೆ 601 ಫುಲ್ ಎಂದು ಬಿಡಿಸಿತು. ಪ್ರತಿಯೊಂದು ಕೊಂಡಿಯೂ ತನ್ನ ಮಟ್ಟಿಗೆ ತರ್ಕಬದ್ಧವಾಗಿಯೇ ನಡೆದುಕೊಂಡು, ಒಟ್ಟು ಫಲ ತಪ್ಪಾದ ಪ್ರಸಂಗವಿದು. ಕಾರ್ಡಿನ ಮೌನವನ್ನು ಮಾತ್ರ ನಾನು ಕ್ಷಮಿಸಲಾರೆ.

ಒಂದು ಒಗಟು ಉಳಿದಿತ್ತು. ಆಟದ ದಿನ ಮಧ್ಯಾಹ್ನ ತಂಡದವರು ಇನ್ನೊಂದು ಲ್ಯಾಪ್‌ಟಾಪಿನಿಂದ ಬಣ್ಣದ ಚಿತ್ರಪಟವೊಂದನ್ನು ಇದೇ ಕಾರ್ಡಿಗೆ ಕಳಿಸಿ ಪರೀಕ್ಷಿಸಿದ್ದರು, ಆಗ ಬಣ್ಣ ಸರಿಯಾಗಿತ್ತು. ಹಾಗಿದ್ದರೆ ರಾತ್ರಿ ಕೆಟ್ಟದ್ದೇಕೆ? ಲ್ಯಾಪ್‌ಟಾಪ್ ಎಚ್‌ಡಿಎಂಐ ಮೂಲಕ ಕಳಿಸುವುದು ಸಾಮಾನ್ಯವಾಗಿ ಕೆಂಪು, ಹಸಿರು, ನೀಲಿಯ ನೇರ ಅಂಕಿಗಳನ್ನು. ಅವನ್ನು ಜೆಪೆಗ್‌ಗೆ ತುಂಬಬೇಕಾದರೆ ಕಾರ್ಡೇ ಹೊಳಪು ಮತ್ತು ವ್ಯತ್ಯಾಸದ ರೂಪಕ್ಕೆ ಪರಿವರ್ತಿಸಲೇಬೇಕು. ಆಗ ಅದು ಜೆಪೆಗ್‌ನ ರೂಢಿಯಂತೆ 601 ಫುಲ್ ಲೆಕ್ಕವನ್ನೇ ಬಳಸುತ್ತಿತ್ತು, ಒಬಿಎಸ್ ಅದೇ ಲೆಕ್ಕದಲ್ಲಿ ಬಿಡಿಸುತ್ತಿತ್ತು. ಕ್ಯಾಮೆರಾದಿಂದ ಬರುವ ಚಿತ್ರ ಮೊದಲೇ ಹೊಳಪು ಮತ್ತು ವ್ಯತ್ಯಾಸದ ರೂಪದಲ್ಲಿರುವುದರಿಂದ ಪರಿವರ್ತನೆಯ ಆ ಹೆಜ್ಜೆಯನ್ನು ಕಾರ್ಡ್ ಹಾರಿಬಿಡುತ್ತಿತ್ತು. ಲ್ಯಾಪ್‌ಟಾಪಿನಿಂದ ಬಣ್ಣದ ಪಟ್ಟಿ ಕಳಿಸಿ ಕ್ಯಾಪ್ಚರ್ ಕಾರ್ಡನ್ನು ಪರೀಕ್ಷಿಸಿದರೆ ಕ್ಯಾಮೆರಾದ ದಾರಿಯ ಬಗ್ಗೆ ಏನೂ ತಿಳಿಯದು. ಯಾವ ಮೂಲದಿಂದ ದಾಖಲಿಸುತ್ತೇವೆಯೋ ಆ ಮೂಲದ್ದೇ ಪಟ್ಟಿ ಬೇಕು.

ಹೆಸರಿನ ತಪ್ಪೋ, ಅಂಕಿಯ ತಪ್ಪೋ

ಪರಿಹಾರಕ್ಕೆ ಕೈ ಹಾಕುವ ಮುನ್ನ ಒಂದು ವಿಂಗಡಣೆ ಅಗತ್ಯ. ಬಣ್ಣ ಕೆಟ್ಟ ಕಡತಗಳಲ್ಲಿ ಎರಡು ಜಾತಿ. ಒಂದರಲ್ಲಿ ಒಳಗಿನ ಅಂಕಿಗಳು ಸರಿಯಾಗಿರುತ್ತವೆ, ಆದರೆ ಕಡತದ ತಲೆಯಲ್ಲಿ ಬರೆದ ಮ್ಯಾಟ್ರಿಕ್ಸ್ ಅಥವಾ ರೇಂಜಿನ ಹೆಸರು ತಪ್ಪಿರುತ್ತದೆ, ಇಲ್ಲವೇ ಹೆಸರೇ ಇರುವುದಿಲ್ಲ. ಹೆಸರಿಲ್ಲದಾಗ ಹಲವು ಪ್ಲೇಯರುಗಳು ಚಿತ್ರದ ಗಾತ್ರ ನೋಡಿ ಊಹಿಸುತ್ತವೆ: ಚಿಕ್ಕದಾದರೆ 601, ದೊಡ್ಡದಾದರೆ 709. ಒಂದೇ ಕಡತ ಒಂದು ಪ್ಲೇಯರಿನಲ್ಲಿ ಸರಿಯಾಗಿಯೂ ಇನ್ನೊಂದರಲ್ಲಿ ತಪ್ಪಾಗಿಯೂ ಕಾಣುತ್ತಿದ್ದರೆ ಈ ಜಾತಿಯ ದೋಷವಿರುವ ಸಂಭವ ಹೆಚ್ಚು. ಇದನ್ನು ಸರಿಪಡಿಸಲು ಮರು ಸಂಕೋಚನೆ ಬೇಕಿಲ್ಲ. ಎಫ್‌ಎಫ್‌ಎಂಪೆಗ್‌ನಂಥ ಉಪಕರಣದಿಂದ ಹೆಸರನ್ನಷ್ಟೇ ತಿದ್ದಿ ಬರೆಯಬಹುದು, ಗುಣಮಟ್ಟ ಕಿಂಚಿತ್ತೂ ಕುಗ್ಗದು.

ನಮ್ಮ ಕಡತ ಎರಡನೆಯ ಜಾತಿಯದು. ಒಬಿಎಸ್ ಚಿತ್ರವನ್ನು ತಪ್ಪು ಲೆಕ್ಕದಲ್ಲಿ ಬಿಡಿಸಿ, ಹಾಗೆ ಬಂದ ತಪ್ಪು ಬಣ್ಣಗಳನ್ನು 709 ಲಿಮಿಟೆಡ್ ಲೆಕ್ಕದಲ್ಲಿ ಸರಿಯಾಗಿ ಕಟ್ಟಿ, ಸರಿಯಾದ ಹೆಸರನ್ನೇ ಬರೆದಿತ್ತು. ತಲೆಬರಹದಲ್ಲಿ ತಪ್ಪು ಹುಡುಕಿದರೆ ಸಿಗುವುದಿಲ್ಲ. ತಪ್ಪು ಅಂಕಿಗಳಲ್ಲಿ ಬೆಂದುಹೋಗಿತ್ತು. ಇಲ್ಲಿ ಹೆಸರು ಬದಲಿಸಿದರೆ ಎರಡು ದೋಷಗಳ ಮೇಲೆ ಮೂರನೆಯದು ಏರುತ್ತದೆ.

ಆದರೂ ದೋಷ ಹೇಗೆ ಆಯಿತೆಂಬುದು ಅಂಕಿಸಹಿತ ಗೊತ್ತಿರುವುದರಿಂದ ಹಿಮ್ಮುಖವಾಗಿ ನಡೆಯಬಹುದು. ಒಬಿಎಸ್ ಬರೆದ 709 ಲಿಮಿಟೆಡ್ ಚಿತ್ರವನ್ನು ಮೊದಲು 601 ಫುಲ್ ರೂಪಕ್ಕೆ ಪ್ರಾಮಾಣಿಕವಾಗಿ ಪರಿವರ್ತಿಸಬೇಕು. ಹಾಗೆ ಮಾಡಿದಾಗ ಬರುವ ಅಂಕಿಗಳು ಕ್ಯಾಪ್ಚರ್ ಕಾರ್ಡ್ ಜೆಪೆಗ್ ಪೆಟ್ಟಿಗೆಯಲ್ಲಿ ತುಂಬಿ ಕಳಿಸಿದ್ದ ಮೂಲ ಅಂಕಿಗಳೇ. ಅವು ನಿಜದಲ್ಲಿ 709 ಲಿಮಿಟೆಡ್ ಅಂಕಿಗಳೆಂದು ನಮಗೆ ಗೊತ್ತು. ಆದ್ದರಿಂದ ಎರಡನೆಯ ಹೆಜ್ಜೆಯಲ್ಲಿ ಅಂಕಿಗಳನ್ನು ಮುಟ್ಟದೆ ಹೆಸರನ್ನು ಮಾತ್ರ 709 ಲಿಮಿಟೆಡ್ ಎಂದು ಬದಲಿಸಬೇಕು. ಒಂದು ಪರಿವರ್ತನೆ, ಒಂದು ಮರುನಾಮಕರಣ, ಚಿಕಿತ್ಸೆ ಇಷ್ಟೇ. ಎಫ್‌ಎಫ್‌ಎಂಪೆಗ್‌ನಲ್ಲಿ ಮೊದಲನೆಯದಕ್ಕೆ ಝಡ್‌ಸ್ಕೇಲ್ ಅಥವಾ ಸ್ಕೇಲ್ ಫಿಲ್ಟರ್, ಎರಡನೆಯದಕ್ಕೆ ಸೆಟ್‌ಪ್ಯಾರಮ್ಸ್ ಫಿಲ್ಟರ್ ಒದಗುತ್ತವೆ. ಕ್ರಮ ಅದಲುಬದಲಾದರೆ ಇಡೀ ಕೆಲಸ ಕೆಡುತ್ತದೆ.

ಇಲ್ಲಿ ಎಡವಲು ಸುಲಭವಾದ ಜಾಗವೊಂದಿದೆ. 601 ಮತ್ತು 709 ಎಂಬ ಹೆಸರುಗಳ ಅಡಿಯಲ್ಲಿ ಮ್ಯಾಟ್ರಿಕ್ಸ್ ಮಾತ್ರವಲ್ಲ, ಕೆಂಪು, ಹಸಿರು, ನೀಲಿ ಎಂಬ ಮೂಲವರ್ಣಗಳೇ ಯಾವ ಛಾಯೆಯವು ಎಂಬ ವ್ಯಾಖ್ಯಾನವೂ ಇದೆ; ಅದಕ್ಕೆ ಪ್ರೈಮರೀಸ್ ಎನ್ನುತ್ತಾರೆ. ಕೆಲವು ಫಿಲ್ಟರುಗಳಿಗೆ ಎಲ್ಲವನ್ನೂ 601ರಿಂದ 709ಕ್ಕೆ ಬದಲಿಸೆಂದು ಒಂದೇ ಮಾತಿನಲ್ಲಿ ಹೇಳುವ ಅನುಕೂಲವಿದೆ, ಆ ಅನುಕೂಲವೇ ಇಲ್ಲಿ ಕೇಡು. ನಮ್ಮ ದೋಷದಲ್ಲಿ ಪ್ರೈಮರೀಸ್ ಎಂದೂ ಬದಲಾಗಿರಲಿಲ್ಲ. ಅವನ್ನೂ ಪರಿವರ್ತಿಸಿದರೆ ಕೆಂಪು ಮತ್ತೆ ತುಸು ಸರಿಯುತ್ತದೆ, ಆ ಸರಿತ ಎಷ್ಟು ಚಿಕ್ಕದೆಂದರೆ ಕಣ್ಣಿಗೆ ತಿಳಿಯದೆ ದಾಖಲೆಯಲ್ಲಿ ಶಾಶ್ವತವಾಗಿ ಉಳಿದುಬಿಡುತ್ತದೆ. ಮ್ಯಾಟ್ರಿಕ್ಸ್ ಮತ್ತು ರೇಂಜನ್ನು ಮಾತ್ರ ಹೆಸರಿಸಿ ಹೇಳಿ, ಉಳಿದುದನ್ನು ಮುಟ್ಟಬಾರದು.

ಲೆಕ್ಕಾಚಾರವನ್ನು ಹತ್ತು ಬಿಟ್ಟಿನಲ್ಲಿ ನಡೆಸಿದೆವು, ಏಕೆಂದರೆ ಎಂಟು ಬಿಟ್ಟಿನಲ್ಲಿ ಪ್ರತಿ ಹೆಜ್ಜೆಯ ದುಂಡುಗೊಳಿಸುವಿಕೆಯಿಂದ ನಯವಾದ ಛಾಯೆಗಳಲ್ಲಿ ಮೆಟ್ಟಿಲುಗಳು ಮೂಡುತ್ತವೆ. ಇದರಲ್ಲಿಯೂ ಸಣ್ಣ ಸಿಕ್ಕೊಂದುಂಟು. ಹತ್ತು ಬಿಟ್ಟಿನ ಫುಲ್ ರೇಂಜಿನಲ್ಲಿ ಬಿಳಿ 1023, ಅದು 255ರ ನಾಲ್ಕು ಪಟ್ಟು ಅಲ್ಲ; ಹಾಗಾಗಿ 235 ಎಂಬ ಅಂಕಿ ಸುಮಾರು 943 ಆಗುತ್ತದೆ, ಲಿಮಿಟೆಡ್ ರೇಂಜಿನ ಬಿಳಿಯಾದರೋ 940. ಮೂರು ಅಂಕಿಯ ಈ ಅಂತರ ಎಂಟು ಬಿಟ್ಟಿನ ಒಂದು ಮೆಟ್ಟಿಲಿಗಿಂತ ಕಡಿಮೆಯಾದ್ದರಿಂದ ಅದನ್ನು ಹಾಗೆಯೇ ಬಿಟ್ಟೆವು.

ಎಷ್ಟು ಮರಳಿತು, ಎಷ್ಟು ಮರಳಲಿಲ್ಲ

ಮೊದಲು ಪಟ್ಟಿಗಳ ದಾಖಲೆಯನ್ನೇ ಈ ದಾರಿಯಲ್ಲಿ ಹಾಯಿಸಿದೆವು. ಬೂದು 191ಕ್ಕೆ ಮರಳಿತು, ಹಸಿರು ತನ್ನ ಜಾಗಕ್ಕೆ ಬಂತು, ಕೆಂಪು 191, 2, 0ರ ಆಸುಪಾಸಿನಲ್ಲಿ ನಿಂತಿತು. ಕೆಂಪಿನಲ್ಲಿ ಉಳಿದ ಆ ಎರಡು ಅಂಕಿಯ ಹಸಿರಿಗೆ ಕಾರಣವಿದೆ. ತಪ್ಪಾಗಿ ಬಿಡಿಸಿದಾಗ ಕೆಂಪು ಪಟ್ಟಿಯ ಹಸಿರಿನ ಅಂಕಿ ಸೊನ್ನೆಗಿಂತ ಎರಡೂವರೆಯಷ್ಟು ಕೆಳಗೆ ಹೋಗಬೇಕಿತ್ತು. ಸೊನ್ನೆಗಿಂತ ಕೆಳಗೆ ಬರೆಯಲು ಜಾಗವಿಲ್ಲದ್ದರಿಂದ ಅಷ್ಟು ಮಾಹಿತಿ ಅಲ್ಲಿಯೇ ಕತ್ತರಿಸಿಹೋಯಿತು, ಮರಳಿ ಬರುವಂತಿಲ್ಲ. ಬಣ್ಣ ಇನ್ನೂ ಗಾಢವಾದರೆ ನಷ್ಟವೂ ಹೆಚ್ಚು: ಪೂರ್ಣ ಪ್ರಮಾಣದ ಕೆಂಪಿನಲ್ಲಿ ಕತ್ತರಿಸಿಹೋಗುವುದು ಎಂಟೊಂಬತ್ತು ಅಂಕಿ, ಪೂರ್ಣ ಪ್ರಮಾಣದ ಹಸಿರಿನಲ್ಲಿ ಮೇಲ್ತುದಿಯಿಂದ ಸುಮಾರು ಇಪ್ಪತ್ತು.

ಈ ಪ್ರಕರಣದಲ್ಲಿ ನನಗೆ ಅತ್ಯಂತ ಕುತೂಹಲಕರವಾಗಿ ತೋರಿದ ಸಂಗತಿ ಇದಕ್ಕೇ ಸಂಬಂಧಿಸಿದ್ದು. ಮ್ಯಾಟ್ರಿಕ್ಸ್ ದೋಷವೊಂದೇ ಇದ್ದಿದ್ದರೆ ಕತ್ತರಿಸಿಹೋಗುವ ಮಾಹಿತಿ ಇದಕ್ಕಿಂತ ಬಹಳ ಹೆಚ್ಚಿರುತ್ತಿತ್ತು, ಏಕೆಂದರೆ ಪೂರ್ಣ ಕೆಂಪಿನ ಹಸಿರು ಅಂಕಿ ಸೊನ್ನೆಯಿಂದ ಇಪ್ಪತ್ತೇಳರಷ್ಟು ಕೆಳಗೆ ಬೀಳುತ್ತಿತ್ತು. ರೇಂಜ್ ದೋಷವು ಇಡೀ ಚಿತ್ರವನ್ನು ಎರಡೂ ತುದಿಗಳಿಂದ ಒಳಕ್ಕೆ ಒತ್ತಿಟ್ಟಿದ್ದರಿಂದ ಬಣ್ಣಗಳಿಗೆ ಅಂಚು ದಾಟದಂತೆ ಜಾಗ ಸಿಕ್ಕಿತು. ಒಂದು ದೋಷ ಇನ್ನೊಂದರ ಹಾನಿಯನ್ನು ಬಹುಮಟ್ಟಿಗೆ ತಡೆದಿತ್ತು. ಇನ್ನೊಂದು ಲಾಭವೂ ಆಯಿತು. ಕ್ಯಾಮೆರಾಗಳು ಲಿಮಿಟೆಡ್ ರೇಂಜಿನ ಬಿಳಿಯಾದ 235ನ್ನು ಮೀರಿ ಅತಿಬೆಳಕಿನ ವಿವರವನ್ನು ಇಡುವುದುಂಟು. ಸರಿಯಾಗಿ ಬಿಡಿಸಿದ್ದರೆ ಒಬಿಎಸ್ ಆ ಭಾಗವನ್ನು ಬಿಳಿಯೆಂದು ಕತ್ತರಿಸುತ್ತಿತ್ತು. ಫುಲ್ ಎಂದು ತಪ್ಪಾಗಿ ಓದಿದ್ದರಿಂದ ಅದು ಉಳಿದುಕೊಂಡಿತು. ಬಣ್ಣದ ವೇಷದ ಮುಖದಲ್ಲಿ ಅಕ್ಕಿಹಿಟ್ಟಿನ ಚಿಟ್ಟಿಯ ಸಾಲುಗಳು ದೀಪದ ಎದುರು ಬಂದಾಗಲೆಲ್ಲ ನೇರಪ್ರಸಾರದ ಪ್ರತಿಯಲ್ಲಿ ಮಂಕು ಪಟ್ಟೆಯಾಗಿ ಕಾಣುತ್ತಿದ್ದವು; ತಿದ್ದಿದ ಪ್ರತಿಯಲ್ಲಿ ಮೇಲ್ಬೆಳಕನ್ನು ಸ್ವಲ್ಪ ಇಳಿಸಿದೊಡನೆ ಚಿಟ್ಟಿಯ ಮುಳ್ಳುಗಳು ಒಂದೊಂದಾಗಿ ಬಿಡಿಬಿಡಿಯಾಗಿ ಎದ್ದವು, ಅವುಗಳ ನಡುವಿನ ಇಂಗಳೀಕದ ಗೆರೆಯೂ ಎದ್ದಿತು. ಲೆವೆಲ್ಸ್ ಉಪಕರಣದಿಂದ ಹಿಗ್ಗಿಸಿದ ಪ್ರತಿಯಲ್ಲಿ ಈ ವಿವರ ಉಳಿದಿರಲಿಲ್ಲ.

ನಷ್ಟಗಳನ್ನೂ ಹೇಳಬೇಕು. ಮೂಲದ 256 ಹಂತಗಳು ಒಬಿಎಸ್‌ನ ಕಡತದಲ್ಲಿ 220 ಹಂತಗಳಿಗೆ ಅಡಕಗೊಂಡಿದ್ದವು, ಮರಳಿ ಹಿಗ್ಗಿಸಿದಾಗ ಅಲ್ಲಲ್ಲಿ ಒಂದೊಂದು ಹಂತ ಖಾಲಿ ಬಿತ್ತು. ರಂಗದ ಹಿಂದಿನ ಕತ್ತಲೆಯಿಂದ ಬೆಳಕಿಗೆ ಜಾರುವ ಭಾಗದಲ್ಲಿ ಸೂಕ್ಷ್ಮ ಪಟ್ಟೆಗಳಾಗಿ ಅದು ತೋರುತ್ತದೆ. ತುಸು ಕಣ ಬೆರೆಸಿ ಅದನ್ನು ಮರೆಮಾಚಬಹುದು, ಆದರೆ ದಾಖಲೆಯ ಪ್ರತಿಯಲ್ಲಿ ಹಾಗೆ ಮಾಡದೆ ಪ್ರದರ್ಶನದ ಪ್ರತಿಯಲ್ಲಷ್ಟೇ ಮಾಡಿದೆವು. ಜೆಪೆಗ್ ಮತ್ತು ಎಚ್‌264 ಎಂಬ ಎರಡು ಸಂಕೋಚನೆಗಳಲ್ಲಿ ಕರಗಿದ ಬಟ್ಟೆಯ ನೇಯ್ಗೆಯ ವಿವರವಂತೂ ಬಣ್ಣದ ಲೆಕ್ಕದಿಂದ ಮರಳುವಂಥದಲ್ಲ.

ಪಟ್ಟಿಗಳು ಸರಿಹೋದವೆಂಬುದು ಆಟದ ಬಣ್ಣ ಸರಿಹೋಯಿತೆಂಬುದಕ್ಕೆ ಪೂರ್ಣ ಪುರಾವೆಯಲ್ಲ. ಆಟದ ರಾತ್ರಿ ಯಾರಾದರೂ ಆಯ್ಕೆಯೊಂದನ್ನು ಬದಲಿಸಿರಬಹುದಿತ್ತು. ಇಲ್ಲಿ ಪೂರ್ವಾರ್ಧದ ಎರಡು ಪ್ರತಿಗಳು ನೆರವಿಗೆ ಬಂದವು. ಕ್ಯಾಮೆರಾದ ಮೆಮೊರಿ ಕಾರ್ಡಿನಲ್ಲಿದ್ದ ಚೌಕಟ್ಟನ್ನೂ, ಅದೇ ಕ್ಷಣದ ತಿದ್ದಿದ ಚೌಕಟ್ಟನ್ನೂ ಒಂದರ ಮೇಲೊಂದಿಟ್ಟು ಕಳೆದಾಗ ವಸ್ತುಗಳ ಅಂಚುಗಳಲ್ಲಿ ಮಾತ್ರ ತೆಳುವಾದ ಗೆರೆ ಉಳಿಯಿತು, ಬಣ್ಣದ ದೊಡ್ಡ ಹರಹುಗಳಲ್ಲಿ ಏನೂ ಉಳಿಯಲಿಲ್ಲ. ಪೂರ್ವಾರ್ಧದಿಂದ ಉತ್ತರಾರ್ಧಕ್ಕೆ ದಾಖಲೆ ಎಲ್ಲಿಯೂ ನಿಲ್ಲದೆ ಒಂದೇ ಓಟದಲ್ಲಿ ಸಾಗಿದ್ದರಿಂದ, ಪೂರ್ವಾರ್ಧಕ್ಕೆ ಹೊಂದಿದ ಲೆಕ್ಕ ಉತ್ತರಾರ್ಧಕ್ಕೂ ಹೊಂದುತ್ತದೆಂದು ಒಪ್ಪಬಹುದು.

ಮುಂದಿನ ದಾಖಲೆಗಳಿಗೆ, ಮತ್ತು ಹಳೆಯ ಟೇಪುಗಳಿಗೆ

ಕಾರ್ಡ್ ಬದಲಿಸದೆಯೇ ಮುಂದಿನ ಆಟಗಳಿಗೆ ದೋಷವನ್ನು ತಡೆಯಲು ಸಾಧ್ಯವಾಯಿತು. ಒಬಿಎಸ್‌ನಲ್ಲಿ ಕ್ಯಾಪ್ಚರ್ ಸಾಧನದ ಆಯ್ಕೆಗಳನ್ನು ತೆರೆದು ಬಣ್ಣದ ಲೆಕ್ಕವನ್ನು ಡಿಫಾಲ್ಟ್‌ನಿಂದ 709ಕ್ಕೂ, ರೇಂಜನ್ನು ಲಿಮಿಟೆಡ್‌ಗೂ ಬದಲಿಸಿದೊಡನೆ ಕ್ಯಾಮೆರಾದ ಪಟ್ಟಿಗಳು ಸರಿಯಾದ ಅಂಕಿ ಕೊಟ್ಟವು. ಇದೇ ಆಯ್ಕೆಯಲ್ಲಿ ಲ್ಯಾಪ್‌ಟಾಪನ್ನು ಮೂಲವಾಗಿ ಜೋಡಿಸಿದರೆ ಈಗ ಅದು ತಪ್ಪಾಗುತ್ತದೆ ಎಂಬುದನ್ನು ಮರೆಯುವಂತಿಲ್ಲ. ಹಾಗಾಗಿ ಎರಡು ಮೂಲಗಳಿಗೆ ಒಬಿಎಸ್‌ನಲ್ಲಿ ಎರಡು ಪ್ರತ್ಯೇಕ ದೃಶ್ಯಗಳನ್ನು (ಸೀನ್‌ಗಳನ್ನು) ಮಾಡಿಟ್ಟಿದ್ದೇವೆ. ವೇಗದ ಯುಎಸ್‌ಬಿ 3 ಕಾರ್ಡ್ ಕೊಂಡರೆ ಜೆಪೆಗ್‌ನ ಹಂಗು ತಪ್ಪುತ್ತದೆ, ಆದರೆ ಮ್ಯಾಟ್ರಿಕ್ಸಿನ ಪ್ರಶ್ನೆ ತಾನಾಗಿ ಬಗೆಹರಿಯುವುದಿಲ್ಲ. ಅದಕ್ಕೂ ಪಟ್ಟಿಗಳ ಪರೀಕ್ಷೆ ಬೇಕು.

ಇದರ ತಿರುಗುಮುರುಗಾದ ದೋಷ ಕರ್ನಾಟಕದ ಮನೆಮನೆಗಳಲ್ಲಿ ಕಾಣಿಸುವ ಸಂಭವವಿದೆ. ಎಂಬತ್ತು, ತೊಂಬತ್ತರ ದಶಕದ ಮದುವೆಯ ಟೇಪುಗಳು, ಮೇಳಗಳ ಆಟದ ಟೇಪುಗಳು ಇವೆಲ್ಲ 625 ಗೆರೆಗಳ ಪಾಲ್ ಪದ್ಧತಿಯವು. ಅಂಕಿಯ ರೂಪಕ್ಕೆ ತಂದಾಗ ಅವುಗಳ ಲೆಕ್ಕ 601. ಅವನ್ನು ಕಂಪ್ಯೂಟರಿಗೆ ಇಳಿಸಿ, ದೊಡ್ಡ ಪರದೆಗೆಂದು 1080ಕ್ಕೆ ಹಿಗ್ಗಿಸುವಾಗ ಮ್ಯಾಟ್ರಿಕ್ಸನ್ನು ಪರಿವರ್ತಿಸದೆ ಬಿಟ್ಟರೆ, ಗಾತ್ರ ನೋಡಿ ಊಹಿಸುವ ಪ್ಲೇಯರ್ ಅದನ್ನು 709 ಎಂದು ಬಿಡಿಸುತ್ತದೆ. ಆಗ ಪೂರ್ಣ ಕೆಂಪು 255, 25, 0 ಆಗಿ ಧಾರೆಸೀರೆ ಕಿತ್ತಳೆಗೆ ತಿರುಗುತ್ತದೆ, ಮಾವಿನ ತೋರಣದ ಹಸಿರು ಕಪ್ಪಿಡುತ್ತದೆ, ಮೈಬಣ್ಣ ಅರಿಶಿನ ಬಳಿದಂತಾಗುತ್ತದೆ. ಟೇಪು ಹಳತಾಗಿ ಬಣ್ಣ ಕೆಟ್ಟಿದೆ ಎಂದು ಜನ ಸುಮ್ಮನಾಗುತ್ತಾರೆ. ಟೇಪು ನಿಜವಾಗಿಯೂ ಸವೆದಿರಬಹುದು, ಆದರೆ ಬಿಳಿಯ ಅಂಗಿ ಬಿಳಿಯಾಗಿಯೇ ಉಳಿದು ಕೆಂಪು ಮಾತ್ರ ಕಿತ್ತಳೆಯಾಗಿದ್ದರೆ ಟೇಪಿನ ಮೇಲೆ ದೂರು ಹೊರಿಸುವ ಮೊದಲು ಮ್ಯಾಟ್ರಿಕ್ಸನ್ನು ನೋಡಬೇಕು. ಈ ಕಡತಗಳಲ್ಲಿ ಹಲವು ಮೊದಲನೆಯ ಜಾತಿಯವು, ಅಂದರೆ ಹೆಸರಿನ ತಪ್ಪಿನವು. ಸರಿಯಾದ ಹೆಸರನ್ನು ಬರೆದರೆ ಮರು ಸಂಕೋಚನೆಯಿಲ್ಲದೆ ಬಣ್ಣ ಮರಳುತ್ತದೆ.

ನಮ್ಮ ಆಟದ ತಿದ್ದಿದ ಪ್ರತಿಯನ್ನು ನಷ್ಟರಹಿತವಾದ ಎಫ್‌ಎಫ್‌ವಿ1 ರೂಪದಲ್ಲಿ ಹತ್ತು ಬಿಟ್ಟಿನಲ್ಲಿ ಕಾದಿರಿಸಲಾಗಿದೆ. ಒಬಿಎಸ್ ಬರೆದ ಕೆಟ್ಟ ಬಣ್ಣದ ಮೂಲ ಕಡತವನ್ನೂ, ಅದೇ ವ್ಯವಸ್ಥೆಯಲ್ಲಿ ತೆಗೆದ ಬಣ್ಣದ ಪಟ್ಟಿಗಳ ದಾಖಲೆಯನ್ನೂ, ಬಳಸಿದ ಫಿಲ್ಟರುಗಳ ಕ್ರಮವನ್ನು ಬರೆದಿಟ್ಟ ಪಠ್ಯ ಕಡತವನ್ನೂ ಅದರ ಜೊತೆಗೇ ಇಟ್ಟಿದ್ದೇವೆ. ನಾಳೆ ಇನ್ನೂ ನಿಖರವಾದ ಉಪಕರಣ ಬಂದರೆ ಕೆಲಸವನ್ನು ಆ ಮೂಲದಿಂದ ಮತ್ತೆ ಆರಂಭಿಸಬೇಕೇ ಹೊರತು ನಾವು ತಿದ್ದಿದ ಪ್ರತಿಯಿಂದಲ್ಲ.